ಹೆಸರು ಧಣಿಯದು, ಕೈ ಬಾರ್ನಾಕ್ ಅವರದು

ಲೈಕಾ ಅನ್ನೋ ಹೆಸರನ್ನು ಬಿಡಿಸಿದರೆ ಸಿಗೋದು ಲೈಟ್ಸ್ ಮತ್ತು ಕ್ಯಾಮೆರಾ. ಲೈಟ್ಸ್ ಅಂದರೆ ಜರ್ಮನಿಯ ವೆಟ್ಸ್‌ಲಾರ್ ಪಟ್ಟಣದ ಸೂಕ್ಷ್ಮದರ್ಶಕ ಕಾರ್ಖಾನೆಯ ಮಾಲೀಕರ ಮನೆತನ. ಕ್ಯಾಮೆರಾವನ್ನು ಕೈಯಾರೆ ಕಟ್ಟಿದ ಮೆಕ್ಯಾನಿಕ್ ಓಸ್ಕರ್ ಬಾರ್ನಾಕ್‌ಗೆ ಆ ಹೆಸರಲ್ಲಿ ಜಾಗವಿಲ್ಲ. ಇದೇನು ಹೊಸ ಕಥೆಯಲ್ಲ ಬಿಡಿ, ಕೆರೆ ತೋಡಿದವರ ಹೆಸರು ನಮ್ಮ ಶಾಸನಗಳಲ್ಲೂ ಅಪರೂಪ.

ಬಾರ್ನಾಕ್ ಹುಟ್ಟಿದ್ದು 1879ರ ನವೆಂಬರ್ 1ರಂದು, ಬ್ರಾಂಡೆನ್‌ಬರ್ಗ್ ಪ್ರಾಂತ್ಯದ ಲೀನೋ ಎಂಬ ಹಳ್ಳಿಯಲ್ಲಿ. ಬರ್ಲಿನ್ ಪಕ್ಕದಲ್ಲಿ ಖಗೋಳ ಉಪಕರಣ ತಯಾರಿಸುವ ಕಾರ್ಯಾಗಾರದಲ್ಲಿ ಕೆಲಸ ಕಲಿತರು. 1902ರಲ್ಲಿ ಯೇನಾ ಊರಿನ ಝೈಸ್ ಕಂಪನಿ ಸೇರಿದರು. ರಜೆ ಸಿಕ್ಕರೆ ಕಾಡು ಸುತ್ತಿ ಫೋಟೊ ತೆಗೆಯೋ ಹುಚ್ಚು. ಆದರೆ ಆಗಿನ ಕ್ಯಾಮೆರಾ ಅಂದರೆ 13×18 ಸೆಂಟಿಮೀಟರಿನ ಗಾಜಿನ ಪ್ಲೇಟುಗಳು, ಮರದ ಪೆಟ್ಟಿಗೆ, ಮುಕ್ಕಾಲಿ. ಬಾರ್ನಾಕ್‌ಗೆ ಆಸ್ತಮಾ ಇತ್ತು. ಆ ಹೊರೆ ಹೊತ್ತು ದಿಣ್ಣೆ ಹತ್ತುವಾಗ ಉಸಿರು ನಿಲ್ಲುತ್ತಿರಲಿಲ್ಲ. ಚಿಕ್ಕ ನೆಗೆಟಿವ್ ತೆಗೆದು ಆಮೇಲೆ ದೊಡ್ಡದು ಮಾಡಿಕೊಂಡರಾಯ್ತಲ್ಲ ಅನ್ನೋ ಯೋಚನೆಗೆ ಈ ಏದುಸಿರೂ ಒಂದು ಕಾರಣ.

ಗೆಳೆಯ ಎಮಿಲ್ ಮೆಖಾವು ಹೇಳಿದ ಮೇಲೆ 1911ರ ಜನವರಿಯಲ್ಲಿ ಲೈಟ್ಸ್ ಕಾರ್ಖಾನೆಗೆ ಬಂದರು. 1914ರ ಹೊತ್ತಿಗೆ ಸಿನಿಮಾ ಫಿಲ್ಮನ್ನು ಅಡ್ಡಡ್ಡ ಓಡಿಸಿ, ಎರಡು ಚೌಕಟ್ಟು ಸೇರಿಸಿ 24×36 ಮಿಲಿಮೀಟರಿನ ಚಿತ್ರ ತೆಗೆಯುವ ಲೋಹದ ಪುಟ್ಟ ಡಬ್ಬಿ ಸಿದ್ಧವಾಗಿತ್ತು. ಲೆನ್ಸ್ ಮುಂದೆ ತಿರುಗಿಸಿ ಮುಚ್ಚುವ ಒಂದು ಮುಚ್ಚಳ ಇತ್ತು. ಫಿಲ್ಮ್ ಸುತ್ತುವಾಗ ಷಟರ್ ಸೀಳು ತೆರೆದೇ ಇರುತ್ತಿದ್ದರಿಂದ ಅದನ್ನು ಮುಚ್ಚಲೇಬೇಕಿತ್ತು.

ಆ ಡಬ್ಬಿ ಹಿಡಿದು ಬಾರ್ನಾಕ್ ಬೀದಿಗಿಳಿದರು. 1914ರಲ್ಲಿ ವೆಟ್ಸ್‌ಲಾರ್‌ನಲ್ಲಿ ಯುದ್ಧಕ್ಕೆ ಸೈನ್ಯ ಜಮಾವಣೆಯ ಆದೇಶ ಅಂಟಿಸಿದ ಸೈನಿಕನ ಚಿತ್ರ ತೆಗೆದರು. 1920ರಲ್ಲಿ ಊರಿಗೆ ಪ್ರವಾಹ ನುಗ್ಗಿದಾಗ ಸಾಲು ಚಿತ್ರ ತೆಗೆದರು. ಮುಕ್ಕಾಲಿ ಇಲ್ಲ, ಯಾರನ್ನೂ ನಿಲ್ಲಿಸಿ ಪೋಸು ಕೊಡಿಸಿದ್ದಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಭೂಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಹೆಚ್ಚು ಕಾಲ ಕೂತರಲ್ಲ, 2025ರ ಜುಲೈನಲ್ಲಿ ಸರ್ಕಾರ ಹಿಂದೆ ಸರಿಯಿತಲ್ಲ, ಅಲ್ಲಿ ಜೇಬಿಂದ ಫೋನ್ ತೆಗೆದು ಕ್ಲಿಕ್ಕಿಸಿದವರಿಗೆಲ್ಲ ಈ ಆಸ್ತಮಾದ ಮನುಷ್ಯ ಹಿರೀಕ.

1924ರಲ್ಲಿ ಜರ್ಮನಿಯ ಆರ್ಥಿಕತೆ ನೆಲಕಚ್ಚಿತ್ತು. ಕಾರ್ಮಿಕರಿಗೆ ಕೆಲಸ ಉಳಿಸಬೇಕಿತ್ತು. ಮಾಲೀಕ ಎರಡನೇ ಎರ್ನ್ಸ್ಟ್ ಲೈಟ್ಸ್ ಅಪಾಯ ಅಂತ ಗೊತ್ತಿದ್ದೂ ಈ ಕ್ಯಾಮೆರಾ ತಯಾರಿಸಲು ತೀರ್ಮಾನಿಸಿದರು. ಆ ಧೈರ್ಯದ ಪಾಲು ಅವರಿಗೆ ಸಲ್ಲಲಿ. 1925ರ ಲೈಪ್ಜಿಗ್ ಜಾತ್ರೆಯಲ್ಲಿ ಲೈಕಾ ಮಾರುಕಟ್ಟೆಗೆ ಬಂತು. ಮಾಕ್ಸ್ ಬೆರೆಕ್ ಲೆನ್ಸ್ ಲೆಕ್ಕ ಹಾಕಿದ್ದರು. 1932ರ ಲೈಕಾ 2ರಲ್ಲಿ ದೂರ ಅಳೆಯುವ ರೇಂಜ್‌ಫೈಂಡರ್ ಲೆನ್ಸಿಗೇ ಜೋಡಣೆಯಾಯಿತು.

ಚಿಕ್ಕದಾಗಿದ್ದಕ್ಕೆ ಒಂದು ಬೆಲೆ ತೆರಬೇಕಾಯ್ತು. ರೇಂಜ್‌ಫೈಂಡರ್‌ನಲ್ಲಿ ಕಣ್ಣು ನೋಡೋದು ಒಂದು ಕಿಂಡಿಯಿಂದ, ಫಿಲ್ಮ್ ನೋಡೋದು ಲೆನ್ಸಿನಿಂದ. ಲೆನ್ಸಿನ ಮೇಲೆ ಏನು ಬಿದ್ದಿದೆ ಅಂತ ಕಣ್ಣಿಗೆ ಗೊತ್ತೇ ಆಗಲ್ಲ. ಮುಚ್ಚಳ ತೆಗೆಯೋದು ಮರೆತು ರೋಲ್‌ಗಟ್ಟಲೆ ಕತ್ತಲು ತೆಗೆದವರು ಇವತ್ತಿಗೂ ಇದ್ದಾರೆ.

ಇದನ್ನು ಅರ್ಥ ಮಾಡಿಕೊಳ್ಳೋಕೆ ವೆಟ್ಸ್‌ಲಾರ್‌ಗೆ ಹೋಗಬೇಕಿಲ್ಲ. ಅದೇ ದೇವನಹಳ್ಳಿ ತಾಲ್ಲೂಕಿನ ಆವತಿಗೆ ಹೋದರೆ ಸಾಕು. ನಂದಿ ಬೆಟ್ಟಕ್ಕೆ ಬೈಕ್ ಓಡಿಸುವವರು ಹೆದ್ದಾರಿಯಲ್ಲಿ ನೋಡದೆ ದಾಟುವ, ಕೆಂಪೇಗೌಡರ ಪೂರ್ವಿಕರು ನೆಲೆಯೂರಿದ ಊರು ಅದು. ತಿಮ್ಮರಾಯಸ್ವಾಮಿ ಗುಡಿಯಿರುವ ಬೆಟ್ಟದ ಮೇಲೆ ಇಳಿಬಿಸಿಲಲ್ಲಿ ನಿಂತು, ಸೂರ್ಯನನ್ನು ಚೌಕಟ್ಟಿನಾಚೆ ಪಕ್ಕಕ್ಕೆ ಇಟ್ಟುಕೊಂಡು, ಹಳೇ ಲೈಕಾದಲ್ಲಿ ನೆರಳಿನ ಭಾಗ ತೆಗೆದು ನೋಡಿ. ಕಿಂಡಿಯಲ್ಲಿ ಎಲ್ಲ ನಿಚ್ಚಳ. ಫಿಲ್ಮ್ ತೊಳೆದಾಗ ಮಾತ್ರ ನೆರಳಿನ ಮೇಲೆ ಮಜ್ಜಿಗೆ ಚೆಲ್ಲಿದ ಹಾಗೆ ಬಿಳಿಚು. ಆಗಿನ ಗಾಜಿಗೆ ಲೇಪನ ಇರಲಿಲ್ಲ, ಗಾಳಿ ಮತ್ತು ಗಾಜು ಸೇರುವ ಪ್ರತಿ ಮೈಯೂ ಬೆಳಕಿನ ಶೇ. 4ರಷ್ಟನ್ನಾದರೂ ಹಿಂದಕ್ಕೆ ಎಸೆಯುತ್ತಿತ್ತು. 50 ಮಿ.ಮೀ. ಎಲ್ಮಾರ್ ಲೆನ್ಸಿನಲ್ಲಿ ಅಂಥ ಮೈ 6. ಅಂದರೆ ಐದರಲ್ಲೊಂದು ಪಾಲು ಬೆಳಕು ದಾರಿ ತಪ್ಪಿ, ಅದರಲ್ಲಿ ಒಂದಷ್ಟು ಒಳಗೇ ಅಲೆದಾಡಿ ಫಿಲ್ಮಿಗೆ ಬೀಳುತ್ತಿತ್ತು.

ಇದಕ್ಕೆ ಮದ್ದು ಲೆನ್ಸ್ ಹುಡ್. ಹೊಲದಲ್ಲಿ ನಿಂತ ರೈತ ಹಣೆಗೆ ಅಡ್ಡ ಕೈ ಹಿಡಿದು ದೂರ ನೋಡ್ತಾನಲ್ಲ, ಅಷ್ಟೇ ಕೆಲಸ. ಎಲ್ಮಾರ್‌ಗೆ ಲೈಟ್ಸ್ ಮಾಡಿದ ಫಿಸನ್ ಹುಡ್ 36 ಮಿ.ಮೀ. ಅಂಚನ್ನು ಸ್ಕ್ರೂ ಬಿಗಿದು ಕಚ್ಚಿಕೊಳ್ಳುತ್ತೆ. ಫಜೀತಿ ಏನಂದರೆ ಅಪರ್ಚರ್ ಬದಲಿಸುವ ಪುಟ್ಟ ಮೊಳೆ ಲೆನ್ಸಿನ ಮುಖದ ಮೇಲೇ ಇದೆ, ಹುಡ್ ಹಾಕಿದರೆ ಬೆರಳು ತಲುಪೋದು ಕಷ್ಟ. ಅದಕ್ಕೇ ಅಪರ್ಚರ್ ಮೊದಲು ಇಟ್ಟು ಆಮೇಲೆ ಹುಡ್ ಹಾಕೋದು ರೂಢಿ. ಹುಡ್ ತಿರುಗಿಸಿಯೇ ಅಪರ್ಚರ್ ಬದಲಿಸುವ ವಾಲೂ ಎಂಬುದೂ ಬಂತು. ಫೋಕಸ್ ಮಾಡುವಾಗ ಎಲ್ಮಾರ್‌ನ ಮುಖ ತಿರುಗುತ್ತೆ, ಹಾಗಾಗಿ ದುಂಡನೆಯ ಹುಡ್ಡೇ ಸರಿ. 50ರ ಹುಡ್ಡನ್ನು 35ರ ಲೆನ್ಸಿಗೆ ಹಾಕಿದರೆ ಚಿತ್ರದ ಮೂಲೆ ಕಪ್ಪಾಗುತ್ತೆ. ಕಿಂಡಿ ಅದನ್ನು ತೋರಿಸಲ್ಲ. ಫೋಕಸ್ ಅನಂತಕ್ಕಿಟ್ಟು, ಅಪರ್ಚರ್ ಪೂರ್ತಿ ಕಿರಿದಾಗಿಸಿ, ಬರೀ ಆಕಾಶದ ಒಂದು ಫ್ರೇಮ್ ತೆಗೆದರೆ ಗೊತ್ತಾಗುತ್ತೆ. ದೊಡ್ಡ ಹುಡ್ಡಾದರೆ ಕಿಂಡಿಯ ಕೆಳಮೂಲೆಯನ್ನೇ ಮರೆಮಾಡುತ್ತೆ, ಅದಕ್ಕೇ ಕೆಲವಕ್ಕೆ ಬದಿಯಲ್ಲಿ ಕಿಟಕಿ ಕೊರೆದಿರುತ್ತಾರೆ. ಸೂರ್ಯ ಚೌಕಟ್ಟಿನೊಳಗೇ ಇದ್ದರೆ ಯಾವ ಹುಡ್ಡೂ ಕಾಯಲ್ಲ.

ಪ್ರತಿಫಲನ ತಗ್ಗಿಸುವ ಲೇಪನಕ್ಕೆ ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ ದಾರಿ ಕಂಡುಕೊಂಡಿದ್ದು 1935ರಲ್ಲಿ. ಅದು ಎಲ್ಲರ ಲೆನ್ಸಿಗೂ ಬಂದದ್ದು ಮಹಾಯುದ್ಧದ ನಂತರ. ಬಾರ್ನಾಕ್ 1936ರ ಜನವರಿ 16ರಂದು, 56ನೇ ವಯಸ್ಸಿಗೆ ತೀರಿಕೊಂಡರು.

ನಂತರದ ವರ್ಷಗಳಲ್ಲಿ ಅದೇ ಲೈಟ್ಸ್ ಮನೆತನ ಯಹೂದಿ ನೌಕರರು ದೇಶ ಬಿಟ್ಟು ಪಾರಾಗಲು ನೆರವಾಯಿತು. ಯಹೂದಿ ಮಹಿಳೆಯೊಬ್ಬರ ಪರಾರಿಗೆ ಸಹಾಯ ಮಾಡಿದ್ದಕ್ಕೆ ಮಗಳು ಎಲ್ಸಿಯನ್ನು ಗೆಸ್ಟಾಪೊ 1943ರಲ್ಲಿ ಬಂಧಿಸಿತು. ಅದೇ ಕಾರ್ಖಾನೆಯಲ್ಲಿ ಆಗ ಉಕ್ರೇನಿನಿಂದ ತಂದ ಹೆಣ್ಣುಮಕ್ಕಳು ಬಲವಂತದ ದುಡಿಮೆಯಲ್ಲಿದ್ದರು.