ಪರಮಾಣುವಿನ ಒಳಗನ್ನು ಕಂಡ ರುದರ್‌ಫೋರ್ಡ್

ಪ್ರಥಮ ಪಿಯುಸಿ ರಸಾಯನಶಾಸ್ತ್ರದ ಎರಡನೇ ಅಧ್ಯಾಯದಲ್ಲಿ ಒಂದು ಚಿತ್ರವಿದೆ. ತೆಳುವಾದ ಚಿನ್ನದ ಹಾಳೆಯ ಕಡೆಗೆ ಕೆಲವು ಬಾಣಗಳು ಹೋಗುತ್ತವೆ. ಹೆಚ್ಚಿನವು ನೇರವಾಗಿ ದಾಟುತ್ತವೆ, ಕೆಲವು ಬಾಗುತ್ತವೆ, ಒಂದೆರಡು ಹಿಂದಕ್ಕೆ ತಿರುಗುತ್ತವೆ. ಪರೀಕ್ಷೆಗೆಂದು ನಾವೆಲ್ಲರೂ ಬಿಡಿಸಿ ಅಭ್ಯಾಸ ಮಾಡುವ ಈ ಚಿತ್ರದ ಹಿಂದೆ ಅರ್ನೆಸ್ಟ್ ರುದರ್‌ಫೋರ್ಡ್ ಎಂಬ ರೈತ ಕುಟುಂಬದ ಹುಡುಗನ ಬದುಕಿದೆ.

ರುದರ್‌ಫೋರ್ಡ್ ಹುಟ್ಟಿದ್ದು 1871ರ ಆಗಸ್ಟ್ 30ರಂದು, ನ್ಯೂಜಿಲೆಂಡಿನ ನೆಲ್ಸನ್ ಪಟ್ಟಣದ ಬಳಿಯ ಹಳ್ಳಿಯೊಂದರಲ್ಲಿ. ಹನ್ನೆರಡು ಮಕ್ಕಳಲ್ಲಿ ಅವರು ನಾಲ್ಕನೆಯವರು. ತಂದೆ ಗಾಡಿಚಕ್ರ ಮಾಡುವ ಕೆಲಸ ಬಲ್ಲವರು, ಬೇಸಾಯವನ್ನೂ ಮಾಡುತ್ತಿದ್ದರು. ತಾಯಿ ಮದುವೆಗೆ ಮುನ್ನ ಶಾಲಾ ಶಿಕ್ಷಕಿಯಾಗಿದ್ದವರು. ಮನೆಯಲ್ಲಿ ದುಡ್ಡಿಗೆ ಕೊರತೆಯಿದ್ದರೂ ಓದಿಗೆ ಬೆಲೆಯಿತ್ತು. ಅರ್ನೆಸ್ಟ್ ಹದಿಹರೆಯದಲ್ಲಿದ್ದಾಗ ಇಬ್ಬರು ತಮ್ಮಂದಿರು ನೀರಿನಲ್ಲಿ ಮುಳುಗಿ ತೀರಿಕೊಂಡರು. ಆ ದುಃಖದ ನಡುವೆಯೂ ಅವರ ಓದು ನಿಲ್ಲಲಿಲ್ಲ.

ವಿದ್ಯಾರ್ಥಿವೇತನ ಸಿಗದೆ ಮುಂದಿನ ಓದು ಸಾಧ್ಯವಿರಲಿಲ್ಲ. ನೆಲ್ಸನ್ ಕಾಲೇಜಿನ ವಿದ್ಯಾರ್ಥಿವೇತನ ಅವರಿಗೆ ದಕ್ಕಿದ್ದು ಎರಡನೇ ಪ್ರಯತ್ನದಲ್ಲಿ. ಕ್ರೈಸ್ಟ್‌ಚರ್ಚ್‌ನಲ್ಲಿ ಪದವಿ ಮುಗಿಸಿದ ಮೇಲೆ ಇಂಗ್ಲೆಂಡಿಗೆ ಹೋಗಿ ಸಂಶೋಧನೆ ಮಾಡಲು ಇದ್ದ ಒಂದೇ ವಿದ್ಯಾರ್ಥಿವೇತನಕ್ಕೂ ಮೊದಲು ಆಯ್ಕೆಯಾದವರು ಬೇರೊಬ್ಬರು. ಅವರು ಅದನ್ನು ಒಪ್ಪಿಕೊಳ್ಳಲು ಆಗದಿದ್ದಾಗ ಅವಕಾಶ ರುದರ್‌ಫೋರ್ಡ್ ಪಾಲಿಗೆ ಬಂತು. ಹೀಗೆ 1895ರಲ್ಲಿ ಅವರು ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯಕ್ಕೆ, ಜೆ. ಜೆ. ಥಾಮ್ಸನ್ ಅವರ ಬಳಿಗೆ ಬಂದರು.

ಅವರು ಬಂದ ಸಮಯವೂ ವಿಶೇಷವಾದದ್ದು. ಅದೇ ವರ್ಷ ರಾಂಟ್‌ಜನ್ ಎಕ್ಸ್ ಕಿರಣಗಳನ್ನು ಕಂಡುಹಿಡಿದರು. 1896ರಲ್ಲಿ ಬೆಕರೆಲ್ ಯುರೇನಿಯಂ ತಾನಾಗಿಯೇ ಕಿರಣಗಳನ್ನು ಸೂಸುವುದನ್ನು ಗಮನಿಸಿದರು. 1897ರಲ್ಲಿ ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದರು. ಒಡೆಯಲಾಗದ್ದು ಎಂದು ನಂಬಿದ್ದ ಪರಮಾಣುವಿನೊಳಗೂ ಏನೋ ಇದೆ ಎಂಬುದು ಸ್ಪಷ್ಟವಾಗತೊಡಗಿತ್ತು.

ಯುರೇನಿಯಂನ ಕಿರಣಗಳಲ್ಲಿ ಎರಡು ಬಗೆ ಇವೆಯೆಂದು ತೋರಿಸಿದವರು ರುದರ್‌ಫೋರ್ಡ್. ತೆಳು ಹಾಳೆಯೇ ತಡೆಯಬಲ್ಲ ಕಿರಣಗಳಿಗೆ ಆಲ್ಫಾ ಎಂದೂ, ಅದಕ್ಕಿಂತ ಹೆಚ್ಚು ತೂರಿಹೋಗುವ ಕಿರಣಗಳಿಗೆ ಬೀಟಾ ಎಂದೂ ಹೆಸರಿಟ್ಟರು. 1898ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದಾಗ ಅವರಿಗೆ ಇಪ್ಪತ್ತೇಳು ವರ್ಷ.

ಅಲ್ಲಿ ಥೋರಿಯಂನಿಂದ ಹೊರಬರುವ ಒಂದು ಅನಿಲವನ್ನು ಅವರು ಪರೀಕ್ಷಿಸಿದರು. ಅದರ ವಿಕಿರಣ ಸುಮಾರು ಒಂದು ನಿಮಿಷದಲ್ಲಿ ಅರ್ಧಕ್ಕೆ ಇಳಿಯುತ್ತಿತ್ತು, ಮುಂದಿನ ನಿಮಿಷದಲ್ಲಿ ಉಳಿದುದರ ಅರ್ಧಕ್ಕೆ. ನಾವಿಂದು ಅರ್ಧಾಯುಷ್ಯ ಎಂದು ಲೆಕ್ಕ ಮಾಡುವ ಪರಿಕಲ್ಪನೆ ಬಂದದ್ದು ಇಲ್ಲಿಂದಲೇ. ಯಾವ ಪರಮಾಣು ಯಾವಾಗ ಒಡೆಯುತ್ತದೆಂದು ಹೇಳಲಾಗದು. ಆದರೆ ಕೋಟ್ಯಂತರ ಪರಮಾಣುಗಳಲ್ಲಿ ಅರ್ಧದಷ್ಟು ಒಡೆಯಲು ಬೇಕಾಗುವ ಕಾಲ ನಿಶ್ಚಿತ. ಯುರೇನಿಯಂ-238ಕ್ಕೆ ಈ ಕಾಲ ಸುಮಾರು 450 ಕೋಟಿ ವರ್ಷ. ಬಂಡೆಗಳಲ್ಲಿನ ವಿಕಿರಣಶೀಲ ಧಾತುಗಳನ್ನು ಗಡಿಯಾರದಂತೆ ಬಳಸಿ ಭೂಮಿಯ ವಯಸ್ಸನ್ನು ಅಳೆಯುವ ದಾರಿಯನ್ನೂ ಅವರು ತೋರಿಸಿದರು.

ಫ್ರೆಡರಿಕ್ ಸಾಡಿ ಎಂಬ ಯುವ ರಸಾಯನಶಾಸ್ತ್ರಜ್ಞರ ಜೊತೆಗೂಡಿ ಅವರು 1902-03ರಲ್ಲಿ ಪ್ರಕಟಿಸಿದ ವಿಚಾರ ಇನ್ನೂ ದಿಟ್ಟವಾದದ್ದು. ವಿಕಿರಣ ಸೂಸುವಾಗ ಒಂದು ಧಾತುವಿನ ಪರಮಾಣು ಮತ್ತೊಂದು ಧಾತುವಿನ ಪರಮಾಣುವಾಗುತ್ತದೆ ಎಂಬುದೇ ಆ ವಿಚಾರ. ಧಾತು ಎಂದಿಗೂ ಬದಲಾಗದು ಎಂದು ರಸಾಯನಶಾಸ್ತ್ರ ನಂಬಿದ್ದ ಕಾಲದಲ್ಲಿ ಹೀಗೆ ಹೇಳಲು ಧೈರ್ಯ ಬೇಕಿತ್ತು. ಈ ಕೆಲಸಕ್ಕಾಗಿ 1908ರಲ್ಲಿ ಅವರಿಗೆ ನೊಬೆಲ್ ಬಂತು. ತಮಾಷೆಯೆಂದರೆ ಭೌತವಿಜ್ಞಾನಿಯಾದ ಅವರಿಗೆ ಬಂದದ್ದು ರಸಾಯನಶಾಸ್ತ್ರದ ನೊಬೆಲ್!

ನೊಬೆಲ್ ಪಡೆದ ಮೇಲೆಯೇ ಅವರ ಅತಿ ದೊಡ್ಡ ಶೋಧ ನಡೆಯಿತು. 1907ರಿಂದ ಅವರು ಮ್ಯಾಂಚೆಸ್ಟರ್‌ನಲ್ಲಿದ್ದರು. ಸಹಾಯಕ ಹ್ಯಾನ್ಸ್ ಗೈಗರ್ ಮತ್ತು ಇಪ್ಪತ್ತರ ಹರೆಯದ ವಿದ್ಯಾರ್ಥಿ ಅರ್ನೆಸ್ಟ್ ಮಾರ್ಸ್‌ಡೆನ್ 1909ರಲ್ಲಿ ಲೋಹದ ಹಾಳೆಗಳ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿದರು. ಕತ್ತಲ ಕೋಣೆಯಲ್ಲಿ ಕುಳಿತು, ಜಿಂಕ್ ಸಲ್ಫೈಡ್ ಪರದೆಯ ಮೇಲೆ ಮೂಡುವ ಸಣ್ಣ ಮಿನುಗುಗಳನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಎಣಿಸಬೇಕಿತ್ತು. ಕಣಗಳೇನಾದರೂ ಹಿಂದಕ್ಕೆ ಬರುತ್ತವೆಯೇ ನೋಡಲು ಮಾರ್ಸ್‌ಡೆನ್‌ಗೆ ಹೇಳಿದವರು ರುದರ್‌ಫೋರ್ಡ್. ಬರಬಹುದೆಂಬ ನಿರೀಕ್ಷೆ ಅವರಿಗೂ ಇರಲಿಲ್ಲ. ಆದರೆ ಸುಮಾರು ಎಂಟು ಸಾವಿರಕ್ಕೆ ಒಂದರಂತೆ ಕಣಗಳು ಹಿಂದಿರುಗಿದ್ದವು.

ಸೆಕೆಂಡಿಗೆ ಹದಿನೈದು ಸಾವಿರ ಕಿಲೋಮೀಟರಿಗೂ ಹೆಚ್ಚು ವೇಗದ ಕಣವನ್ನು ಹಿಂದಕ್ಕೆ ತಳ್ಳಬೇಕಾದರೆ ಧನಾವೇಶವೂ ದ್ರವ್ಯರಾಶಿಯೂ ಬಹಳ ಚಿಕ್ಕ ಜಾಗದಲ್ಲಿ ಒತ್ತೊತ್ತಾಗಿ ಇರಲೇಬೇಕು. ಧನಾವೇಶ ಪರಮಾಣುವಿನ ತುಂಬ ಹರಡಿದೆ ಎನ್ನುತ್ತಿದ್ದ ತಮ್ಮ ಗುರು ಥಾಮ್ಸನ್‌ರ ಮಾದರಿಯನ್ನು ಬಿಟ್ಟು, 1911ರಲ್ಲಿ ರುದರ್‌ಫೋರ್ಡ್ ನ್ಯೂಕ್ಲಿಯಸ್ ಇರುವ ಪರಮಾಣುವನ್ನು ಮುಂದಿಟ್ಟರು. ಪರಮಾಣು ನೂರು ಮೀಟರ್ ಅಗಲದ ಮೈದಾನವಾದರೆ ನ್ಯೂಕ್ಲಿಯಸ್ ನಡುವಿನ ಒಂದು ಕಡಲೆಕಾಳು. ಮೈದಾನದ ಬಹುಪಾಲು ಖಾಲಿ. ಹೆಚ್ಚಿನ ಆಲ್ಫಾ ಕಣಗಳು ನೇರವಾಗಿ ದಾಟಿದ್ದು ಅದಕ್ಕೇ.

ಈ ಮಾದರಿಯಲ್ಲೂ ಒಂದು ತೊಡಕಿತ್ತು. ಸುತ್ತುವ ಎಲೆಕ್ಟ್ರಾನ್ ಶಕ್ತಿಯನ್ನು ಕಳೆದುಕೊಂಡು ನ್ಯೂಕ್ಲಿಯಸ್ಸಿಗೆ ಬೀಳಬೇಕಲ್ಲವೇ? ಈ ಪ್ರಶ್ನೆಯನ್ನು ಎದುರಿಸಿದವರು ಅವರ ಬಳಿ ಕೆಲಸ ಮಾಡಿದ್ದ ಡೆನ್ಮಾರ್ಕಿನ ನೀಲ್ಸ್ ಬೋರ್, 1913ರಲ್ಲಿ. ಅದೇ ವರ್ಷ ಮ್ಯಾಂಚೆಸ್ಟರ್‌ನ ಮತ್ತೊಬ್ಬ ಯುವಕ ಹೆನ್ರಿ ಮೋಸ್ಲಿ, ಧಾತುವಿನ ಗುರುತು ಪರಮಾಣು ಸಂಖ್ಯೆಯಲ್ಲಿದೆ ಎಂಬುದನ್ನು ಎಕ್ಸ್ ಕಿರಣಗಳ ಮೂಲಕ ತೋರಿಸತೊಡಗಿದರು.

1914ರಲ್ಲಿ ಮಹಾಯುದ್ಧ ಶುರುವಾಯಿತು. ಒಂದೇ ಪ್ರಯೋಗಾಲಯದವರು ಎದುರುಬದುರಾದರು. ಗೈಗರ್ ಜರ್ಮನ್ ಸೇನೆ ಸೇರಿದರೆ ಮಾರ್ಸ್‌ಡೆನ್ ಬ್ರಿಟನ್ನಿನ ಪರವಾಗಿ ಫ್ರಾನ್ಸಿನಲ್ಲಿದ್ದರು. ಜರ್ಮನಿಯಲ್ಲಿ ಓದುತ್ತಿದ್ದ ಜೇಮ್ಸ್ ಚಾಡ್ವಿಕ್ ಅಲ್ಲಿಯೇ ಸೆರೆಯಾದರು. ಮೋಸ್ಲಿ 1915ರ ಆಗಸ್ಟಿನಲ್ಲಿ ತುರ್ಕಿಯ ಗಲಿಪೊಲಿಯಲ್ಲಿ ಗುಂಡಿಗೆ ಬಲಿಯಾದರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಇಂಥ ಪ್ರತಿಭೆಯನ್ನು ರಣರಂಗಕ್ಕೆ ಕಳಿಸಿದ್ದು ದೇಶಕ್ಕಾದ ನಷ್ಟವೆಂದು ರುದರ್‌ಫೋರ್ಡ್ ಬಹಿರಂಗವಾಗಿ ಬರೆದರು.

1919ರಲ್ಲಿ ಅವರು ಆಲ್ಫಾ ಕಣಗಳಿಂದ ನೈಟ್ರೋಜನ್ ನ್ಯೂಕ್ಲಿಯಸ್ಸಿನ ಒಂದು ಕಣವನ್ನು ಹೊರಗೆಡವಿದ ಫಲಿತಾಂಶ ಪ್ರಕಟಿಸಿದರು. ಆ ಕಣಕ್ಕೆ ಪ್ರೋಟಾನ್ ಎಂದು ಹೆಸರಾಯಿತು. ಅದೇ ವರ್ಷ ಗುರುವಿನ ಸ್ಥಾನದಲ್ಲಿ ಕ್ಯಾವೆಂಡಿಷ್‌ನ ಮುಖ್ಯಸ್ಥರಾದರು. 1932ರಲ್ಲಿ ಅಲ್ಲಿಯೇ ಚಾಡ್ವಿಕ್ ನ್ಯೂಟ್ರಾನನ್ನು ಕಂಡುಹಿಡಿದರು. ಸಾಡಿ, ಬೋರ್, ಚಾಡ್ವಿಕ್ ಸೇರಿ ಅವರ ಜೊತೆ ದುಡಿದ ಹಲವರು ನೊಬೆಲ್ ಪಡೆದರು.

1933ರಲ್ಲಿ ನಾಜಿ ಆಡಳಿತ ಯಹೂದಿ ಪ್ರಾಧ್ಯಾಪಕರನ್ನು ಕೆಲಸದಿಂದ ತೆಗೆದುಹಾಕಿದಾಗ, ಅವರಿಗೆ ನೆಲೆ ಒದಗಿಸಲು ಬ್ರಿಟನ್ನಿನಲ್ಲಿ ಹುಟ್ಟಿದ ಮಂಡಳಿಗೆ ರುದರ್‌ಫೋರ್ಡ್ ಅಧ್ಯಕ್ಷರಾದರು. ಅನ್ಯ ದೇಶದ, ಅನ್ಯ ಧರ್ಮದ ನೊಂದವರ ಪರವಾಗಿ ತಮ್ಮ ಹೆಸರಿನ ಬಲವನ್ನು ಬಳಸಿದ್ದು ಅವರ ಯಾವ ಶೋಧಕ್ಕೂ ಕಡಿಮೆಯದಲ್ಲ.

1938ರ ಜನವರಿಯಲ್ಲಿ ಕಲ್ಕತ್ತಾದಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಬೆಳ್ಳಿಹಬ್ಬಕ್ಕೆ ಅವರೇ ಅಧ್ಯಕ್ಷರಾಗಬೇಕಿತ್ತು. ಆದರೆ 1937ರ ಅಕ್ಟೋಬರ್ 19ರಂದು ಅವರು ತೀರಿಕೊಂಡರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ, ನ್ಯೂಟನ್ ಸಮಾಧಿಯ ಸಮೀಪ ಅವರ ಚಿತಾಭಸ್ಮವಿದೆ. ಪರಮಾಣು ಸಂಖ್ಯೆ 104ರ ಧಾತು ಅವರ ಹೆಸರಿನಲ್ಲಿ ರುದರ್‌ಫೋರ್ಡಿಯಂ ಆಗಿದೆ.

ಫಲಿತಾಂಶದ ಪಟ್ಟಿಯಲ್ಲಿ ಹೆಸರು ಮೊದಲು ಬಾರದಿದ್ದರೆ ನಮ್ಮಲ್ಲಿ ಎಷ್ಟೋ ಮಂದಿ ಕುಗ್ಗಿಹೋಗುತ್ತಾರೆ. ರುದರ್‌ಫೋರ್ಡ್ ಅವರ ಹೆಸರೂ ಎರಡು ಬಾರಿ ಮೊದಲು ಬಂದಿರಲಿಲ್ಲ. ಎಂಟು ಸಾವಿರದಲ್ಲಿ ಒಂದು ಕಣ ಮಾತ್ರ ಹಿಂದಿರುಗಿದಾಗಲೂ ಅವರು ಅದನ್ನು ಲೆಕ್ಕಕ್ಕಿಲ್ಲವೆಂದು ಬಿಡಲಿಲ್ಲ. ಮುಂದಿನ ಸಲ ಆ ಚಿತ್ರ ಬಿಡಿಸುವಾಗ, ಹಿಂದಕ್ಕೆ ತಿರುಗಿದ ಆ ಒಂದು ಬಾಣವನ್ನು ಸ್ವಲ್ಪ ಗಮನವಿಟ್ಟು ಎಳೆಯೋಣ.