ಹೇಗ್ ನ್ಯಾಯಪೀಠವೇರಿದ ನರಸಿಂಗರಾಯರು

ಬಿ.ಎ. ಮುಗಿಸಿ ಅಂತರರಾಷ್ಟ್ರೀಯ ಕಾಯದೆಯನ್ನು ಅಭ್ಯಸಿಸಬೇಕೆಂಬುದು ನನ್ನ ಬಹುದಿನದ ಹಂಬಲ. ಬನಹಟ್ಟಿಯ ನೇಕಾರರ ಮನೆಯಲ್ಲಿ ಮೊದಲ ಪದವೀಧರನಾಗಲಿರುವ ನನಗೆ ಈ ದಾರಿಯನ್ನು ತೋರಿಸುವವರು ಮನೆಯಲ್ಲಿಲ್ಲ. ಆದ್ದರಿಂದ ಅಂತರರಾಷ್ಟ್ರೀಯ ನ್ಯಾಯಾಲಯದ ಪೀಠವೇರಿದ ಮೊದಲ ಭಾರತೀಯ, ನಮ್ಮ ನಾಡಿನವರೇ ಆದ ಸರ್ ಬೆನಗಲ್ ನರಸಿಂಗರಾಯರ ಚರಿತ್ರೆಯನ್ನು ಕುತೂಹಲದಿಂದ ಓದಿದೆ.

ರಾಯರು ಹುಟ್ಟಿದ್ದು 1887ರ ಫೆಬ್ರುವರಿ 26ರಂದು. ತಂದೆ ವೈದ್ಯರು, ವಿದ್ಯೆ ಆ ಮನೆಗೆ ಹೊಸತಲ್ಲ. ಇಷ್ಟರಮಟ್ಟಿಗೆ ಅವರ ಸ್ಥಿತಿಯೇ ಬೇರೆ, ನಮ್ಮಂಥವರದೇ ಬೇರೆ. ಮಂಗಳೂರಿನ ಕೆನರಾ ಹೈಸ್ಕೂಲು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು, ಬಳಿಕ ಕೇಂಬ್ರಿಜ್. ಅಲ್ಲಿ ಅವರು ಆರಿಸಿಕೊಂಡದ್ದು ಕಾಯದೆಯನ್ನಲ್ಲ, ಗಣಿತವನ್ನು! ಐ.ಸಿ.ಎಸ್. ಸೇರಿ ಬಂಗಾಲ ಮತ್ತು ಅಸ್ಸಾಮಿನ ಜಿಲ್ಲಾ ಕೋರ್ಟುಗಳಲ್ಲಿ, ಸರಕಾರದ ಕಾಯದೆಯ ಕಚೇರಿಗಳಲ್ಲಿ ಹಲವು ವರ್ಷ ದುಡಿದರು. ಮಸೂದೆಯ ಒಂದೊಂದು ಶಬ್ದವನ್ನೂ ತೂಗಿ ಇಡುವ ಆ ಕೆಲಸವೇ ಅವರ ನಿಜವಾದ ಪಾಠಶಾಲೆಯಾಯಿತೆಂದು ನನಗೆ ತೋರುತ್ತದೆ.

ಆದರೆ ಕೃಷ್ಣೆ-ಘಟಪ್ರಭೆಯರ ದಂಡೆಯ ನಮಗೆ ಹೆಚ್ಚು ಹತ್ತಿರವಾದ ಸಂಗತಿ ಇನ್ನೊಂದಿದೆ. 1941ರಲ್ಲಿ ಸಿಂಧೂ ನದಿಗಳ ನೀರಿಗಾಗಿ ಪಂಜಾಬಿಗೂ ಸಿಂಧ್ ಪ್ರಾಂತಕ್ಕೂ ವ್ಯಾಜ್ಯ ಬಿದ್ದಾಗ ವಿಚಾರಣಾ ಆಯೋಗದ ಅಧ್ಯಕ್ಷತೆ ರಾಯರ ಪಾಲಿಗೆ ಬಂತು. ಮೇಲಿನವರು ಬೇಕಾದಷ್ಟು ನೀರು ಹಿಡಿದುಕೊಳ್ಳಬಹುದೇ? ಹಿಂದೆ ಹರಿದಂತೆಯೇ ಹೊಳೆ ಹರಿಯಬೇಕೆಂದು ಕೆಳಗಿನವರು ಹಟ ಹಿಡಿಯಬಹುದೇ? ಅಮೇರಿಕೆಯ ಸಂಸ್ಥಾನಗಳ ಜಲವ್ಯಾಜ್ಯಗಳನ್ನೂ ಪರಿಶೀಲಿಸಿ, ಎರಡೂ ಸಲ್ಲದು, ಇಡೀ ನದಿಯನ್ನು ಒಂದೆಂದು ತಿಳಿದು ನ್ಯಾಯವಾಗಿ ಹಂಚಿಕೊಳ್ಳಬೇಕೆಂದು 1942ರ ವರದಿಯಲ್ಲಿ ಆಯೋಗವು ತಿಳಿಸಿತು. ನ್ಯಾಯಸಮ್ಮತ ಹಂಚಿಕೆಯ ಈ ತತ್ತ್ವವನ್ನೇ ಹಿಡಿದು, 1969ರಲ್ಲಿ ನೇಮಕವಾದ ಬಚಾವತ್ ನ್ಯಾಯಮಂಡಳಿಯು 1973ರಲ್ಲಿ ಕೃಷ್ಣೆಯ ನೀರನ್ನು ಹಂಚಿ, ಕರ್ನಾಟಕಕ್ಕೆ 700 ಟಿ.ಎಂ.ಸಿ. ಕೊಟ್ಟಿತು. ಆಲಮಟ್ಟಿಯ ಹಿನ್ನೀರಿನಲ್ಲಿ ಬೀಳಗಿ, ಜಮಖಂಡಿ ತಾಲೂಕುಗಳ ಹೊಲಗಳು ಮುಳುಗಿದ ಕಥೆಯನ್ನು ಹಿರಿಯರಿಂದ ಕೇಳಿ ಬೆಳೆದ ನಮಗೆ, ಹಂಚಿಕೆಯ ಲೆಕ್ಕ ಬರೀ ಕಾಗದದ ಮಾತಲ್ಲ.

1946ರಲ್ಲಿ ರಾಯರು ಸಂವಿಧಾನ ಸಭೆಯ ಸಲಹೆಗಾರರಾದರು. ಸಭೆಯ ಸದಸ್ಯರಲ್ಲದಿದ್ದರೂ 1947ರ ಅಕ್ಟೋಬರದಲ್ಲಿ 243 ವಿಧಿಗಳ ಮೊದಲ ಕರಡನ್ನು ಸಿದ್ಧಪಡಿಸಿದವರು ಅವರೇ, ಡಾ. ಅಂಬೇಡ್ಕರರ ಸಮಿತಿಯು ಅದನ್ನು ಮುಂದಿಟ್ಟುಕೊಂಡು ಕೆಲಸ ಮಾಡಿತು. ಬರ್ಮಾದ ಸಂವಿಧಾನ ರಚನೆಗೂ ಅವರು ನೆರವಾದರು. ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದಾಗ, 1950ರ ಜೂನಿನಲ್ಲಿ ಕೊರಿಯಾದ ಯುದ್ಧ ಹೊತ್ತಿಕೊಂಡ ಗಳಿಗೆಯಲ್ಲಿ, ಭದ್ರತಾ ಸಮಿತಿಯ ಅಧ್ಯಕ್ಷಪೀಠದಲ್ಲಿದ್ದವರೂ ಅವರೇ.

1952ರಲ್ಲಿ ಹೇಗ್ ನಗರದ ನ್ಯಾಯಾಲಯವನ್ನು ಸೇರಿದ ರಾಯರ ಎದುರಿಗೆ ಬ್ರಿಟನ್ ಮತ್ತು ಇರಾನ್ ನಡುವಿನ ಎಣ್ಣೆ ಕಂಪನಿಯ ಮೊಕದ್ದಮೆ ಬಂತು. ಭದ್ರತಾ ಸಮಿತಿಯಲ್ಲಿ ಇದೇ ವಿಷಯ ಚರ್ಚೆಯಾದಾಗ ಭಾರತದ ಪರವಾಗಿ ಕುಳಿತಿದ್ದವರು ತಾವೆಂಬ ಕಾರಣದಿಂದ ಅವರು ಆ ವಿಚಾರಣೆಯಿಂದ ದೂರ ಸರಿದರು. ಹೊಸದಾಗಿ ಪೀಠವೇರಿದವರಿಗೆ ಇಂಥ ದೊಡ್ಡ ಮೊಕದ್ದಮೆಯನ್ನು ಬಿಟ್ಟುಕೊಡುವುದು ಸುಲಭವಾಗಿರಲಿಕ್ಕಿಲ್ಲ. ಅವರ ಚರಿತ್ರೆಯಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದ ಭಾಗವಿದು. ಒಂಬತ್ತು ವರ್ಷದ ಅವಧಿಯಲ್ಲಿ ಎರಡು ವರ್ಷವೂ ತುಂಬಿರಲಿಲ್ಲ. 1953ರ ನವೆಂಬರ 30ರಂದು ಜೂರಿಕ್ ನಗರದಲ್ಲಿ, ತಮ್ಮ 66ನೆಯ ವಯಸ್ಸಿನಲ್ಲಿ ರಾಯರು ತೀರಿಕೊಂಡರು.