ಹಾರ್ಲೆಂಡ್ ಸ್ಯಾಂಡರ್ಸ್

ಹಾರ್ಲೆಂಡ್ ಡೇವಿಡ್ ಸ್ಯಾಂಡರ್ಸ್ (ಸೆಪ್ಟೆಂಬರ್ 9, 1890 – ಡಿಸೆಂಬರ್ 16, 1980) ಅಮೆರಿಕದ ಉದ್ಯಮಿ ಹಾಗೂ ಕೆಂಟಕಿ ಫ್ರೈಡ್ ಚಿಕನ್ (ಕೆ.ಎಫ್.ಸಿ.) ಸಂಸ್ಥೆಯ ಸ್ಥಾಪಕರು. ಕರ್ನಲ್ ಸ್ಯಾಂಡರ್ಸ್ ಎಂದೇ ಅವರು ಜಗತ್ತಿಗೆ ಪರಿಚಿತರು. ತಮ್ಮ ಹೆಸರು ಮತ್ತು ಪಾಕವಿಧಾನವನ್ನು ಬಳಸುವ ಹಕ್ಕನ್ನು ಇತರ ಹೋಟೆಲು ಮಾಲೀಕರಿಗೆ ಶುಲ್ಕದ ಮೇಲೆ ನೀಡುವ ಫ್ರಾಂಚೈಸಿ ಪದ್ಧತಿಯಿಂದ ಅವರು ಈ ಸಂಸ್ಥೆಯನ್ನು ಬೆಳೆಸಿದರು. ಅವರು ಪರಸ್ಪರ ನಂಬಿಕೆಯ ಮೇಲೆ ನಡೆಸಿದ ಈ ವ್ಯವಹಾರವನ್ನು ಅಮೆರಿಕದ ಹಲವು ರಾಜ್ಯಗಳು ಅವರ ಜೀವಿತಕಾಲದಲ್ಲಿಯೇ ಪ್ರತ್ಯೇಕ ಕಾನೂನುಗಳ ಮೂಲಕ ನಿಯಂತ್ರಿಸತೊಡಗಿದವು.

ಬಾಲ್ಯ ಮತ್ತು ಆರಂಭಿಕ ಜೀವನ

ಸ್ಯಾಂಡರ್ಸ್ ಇಂಡಿಯಾನಾ ರಾಜ್ಯದ ಹೆನ್ರಿವಿಲ್ ಎಂಬ ಊರಿನ ಸಮೀಪ ಜನಿಸಿದರು. ಮೂವರು ಮಕ್ಕಳಲ್ಲಿ ಹಿರಿಯರಾದ ಅವರು ಐದನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. ತಾಯಿ ದುಡಿಯಲು ಹೋಗುತ್ತಿದ್ದುದರಿಂದ ತಮ್ಮ, ತಂಗಿಯರಿಗೆ ಅಡುಗೆ ಮಾಡಿ ಬಡಿಸುವ ಹೊಣೆ ಅವರ ಮೇಲೆ ಬಿದ್ದಿತು. ಏಳನೆಯ ತರಗತಿಯಲ್ಲಿಯೇ ಶಾಲೆ ಬಿಟ್ಟರು. ಮುಂದೆ ಹೊಲದ ಕೂಲಿ, ಟ್ರಾಮ್ ಕಂಡಕ್ಟರ್, ಸೈನಿಕ, ರೈಲು ಎಂಜಿನ್ನಿನ ಫೈರ್‌ಮನ್, ವಿಮಾ ಪ್ರತಿನಿಧಿ, ಟೈರ್ ಮಾರಾಟಗಾರ ಹೀಗೆ ಅನೇಕ ಉದ್ಯೋಗಗಳನ್ನು ಮಾಡಿದರು. ಅಂಚೆ ಶಿಕ್ಷಣದ ಮೂಲಕ ಕಾನೂನು ಕಲಿತು ಅರ್ಕನ್ಸಾಸ್ ರಾಜ್ಯದ ಲಿಟ್ಲ್ ರಾಕ್ ನಗರದಲ್ಲಿ ಕೆಲಕಾಲ ವಕೀಲಿಯನ್ನೂ ನಡೆಸಿದರು. ನ್ಯಾಯಾಲಯದಲ್ಲಿ ತಮ್ಮದೇ ಕಕ್ಷಿದಾರನೊಡನೆ ನಡೆದ ಹೊಡೆದಾಟ ಆ ವೃತ್ತಿಗೆ ಮುಕ್ತಾಯ ಹಾಡಿತು.

ಕಾರ್ಬಿನ್‌ನ ಹೋಟೆಲು

1930ರಲ್ಲಿ ಸ್ಯಾಂಡರ್ಸ್ ಕೆಂಟಕಿ ರಾಜ್ಯದ ಕಾರ್ಬಿನ್ ಬಳಿ ಪೆಟ್ರೋಲ್ ಬಂಕ್ ಒಂದನ್ನು ವಹಿಸಿಕೊಂಡರು. ಅಲ್ಲಿ ನಿಲ್ಲುವ ಪ್ರಯಾಣಿಕರಿಗೆ ಊಟ ನೀಡತೊಡಗಿದರು. ಅಡುಗೆಯ ರುಚಿಯಿಂದ ಹೆಸರು ಹರಡಿ, 1935ರಲ್ಲಿ ರಾಜ್ಯದ ಗವರ್ನರ್ ಅವರಿಗೆ ಕೆಂಟಕಿ ಕರ್ನಲ್ ಎಂಬ ಗೌರವ ಬಿರುದನ್ನು ನೀಡಿದರು. ಇದು ಸೇನಾ ಪದವಿಯಲ್ಲ. 1939ರಲ್ಲಿ ಬೆಂಕಿಗೆ ಆಹುತಿಯಾದ ಹೋಟೆಲನ್ನು ಅವರು ಮತ್ತೆ ಕಟ್ಟಿಸಿದರು. ಕೋಳಿ ಮಾಂಸವನ್ನು ಪ್ರೆಶರ್ ಕುಕ್ಕರಿನಲ್ಲಿ ಬೇಗನೆ ಕರಿಯುವ ವಿಧಾನವನ್ನು ರೂಪಿಸಿ, 1940ರ ವೇಳೆಗೆ 11 ಬಗೆಯ ಸೊಪ್ಪು ಮತ್ತು ಸಂಬಾರ ಪದಾರ್ಥಗಳ ಮಿಶ್ರಣವನ್ನು ಅಂತಿಮಗೊಳಿಸಿದರು.

1950ರ ದಶಕದಲ್ಲಿ ಹೊಸ ಹೆದ್ದಾರಿಯು ಕಾರ್ಬಿನ್‌ನ ಹಳೆಯ ರಸ್ತೆಯನ್ನು ಬಿಟ್ಟು ಬೇರೆ ದಾರಿಯಲ್ಲಿ ಸಾಗುವುದು ಖಚಿತವಾಯಿತು. ಗಿರಾಕಿಗಳು ಕಡಿಮೆಯಾದರು. 1956ರಲ್ಲಿ ಹೋಟೆಲು ಹರಾಜಿನಲ್ಲಿ ನಷ್ಟಕ್ಕೆ ಮಾರಾಟವಾಯಿತು. ಸಾಲಗಳನ್ನು ತೀರಿಸಿದ ಬಳಿಕ ಅವರಿಗೆ ಉಳಿದದ್ದು ಅಲ್ಪ ಉಳಿತಾಯ ಮತ್ತು ತಿಂಗಳಿಗೆ 105 ಡಾಲರ್ ಸಾಮಾಜಿಕ ಭದ್ರತಾ ಪಿಂಚಣಿ ಮಾತ್ರ.

ಫ್ರಾಂಚೈಸಿ ವ್ಯವಹಾರ

ಸ್ಯಾಂಡರ್ಸ್ ಅವರ ಮೊದಲ ಫ್ರಾಂಚೈಸಿದಾರ ಯೂಟಾ ರಾಜ್ಯದ ಸಾಲ್ಟ್ ಲೇಕ್ ಪ್ರದೇಶದ ಹೋಟೆಲು ಮಾಲೀಕ ಪೀಟ್ ಹಾರ್ಮನ್. 1952ರಲ್ಲಿ ಆರಂಭವಾದ ಈ ಏರ್ಪಾಡನ್ನು ಸ್ಯಾಂಡರ್ಸ್ ಕಾರ್ಬಿನ್ ಬಿಟ್ಟ ನಂತರ ಪೂರ್ಣಾವಧಿಯ ಕಸುಬಾಗಿಸಿಕೊಂಡರು. ಕುಕ್ಕರ್ ಮತ್ತು ಮಸಾಲೆಯನ್ನು ಕಾರಿನಲ್ಲಿರಿಸಿಕೊಂಡು ಊರೂರು ತಿರುಗಿದರು. ಎಷ್ಟೋ ರಾತ್ರಿ ಕಾರಿನಲ್ಲಿಯೇ ಮಲಗಿದರು. ಹೋಟೆಲಿನವರಿಗೆ ತಾವೇ ಅಡುಗೆ ಮಾಡಿ ತೋರಿಸುತ್ತಿದ್ದರು. ರುಚಿ ಒಪ್ಪಿಗೆಯಾದರೆ ಕೈಕುಲುಕಿ ವ್ಯವಹಾರ ಕುದುರಿಸುತ್ತಿದ್ದರು. ಮಾರಾಟವಾದ ಪ್ರತಿ ಕೋಳಿಗೆ ಮೊದಲು ನಾಲ್ಕು, ಆಮೇಲೆ ಐದು ಸೆಂಟ್ ಅವರಿಗೆ ಸಲ್ಲಬೇಕಾಗಿತ್ತು. ಪಾಕವಿಧಾನವನ್ನು ಗುಟ್ಟಾಗಿರಿಸಿ, ಮಸಾಲೆಯನ್ನು ಮನೆಯಲ್ಲಿಯೇ ಬೆರೆಸಿ ಕಳುಹಿಸುತ್ತಿದ್ದರು. ಪತ್ನಿ ಕ್ಲಾಡಿಯಾ ಈ ಕೆಲಸದಲ್ಲಿ ಜೊತೆಯಾಗಿದ್ದರು.

1964ರ ವೇಳೆಗೆ ಅಮೆರಿಕ ಮತ್ತು ಕೆನಡಾದಲ್ಲಿ 600ಕ್ಕೂ ಹೆಚ್ಚು ಮಳಿಗೆಗಳಿದ್ದವು. ಆ ವರ್ಷ ಅವರು ಸಂಸ್ಥೆಯನ್ನು ಜಾನ್ ವೈ. ಬ್ರೌನ್ ಮತ್ತು ಜಾಕ್ ಮ್ಯಾಸಿ ಅವರಿಗೆ 20 ಲಕ್ಷ ಡಾಲರುಗಳಿಗೆ ಮಾರಿದರು. ಕೆನಡಾದ ಹಕ್ಕುಗಳನ್ನು ತಮ್ಮಲ್ಲಿ ಉಳಿಸಿಕೊಂಡು, ಸಂಬಳದ ಮೇಲೆ ಸಂಸ್ಥೆಯ ಪ್ರಚಾರ ರಾಯಭಾರಿಯಾಗಿ ಮುಂದುವರಿದರು.

ರಾಜ್ಯಗಳ ಫ್ರಾಂಚೈಸಿ ಕಾನೂನುಗಳು

ಸ್ಯಾಂಡರ್ಸ್ ಅವರ ಯಶಸ್ಸು ಅನೇಕ ಅನುಕರಣೆಗಳಿಗೆ ದಾರಿಯಾಯಿತು. ಕಲಾವಿದೆ ಮಿನ್ನಿ ಪರ್ಲ್ ಅವರ ಹೆಸರಿನ ಕೋಳಿ ಖಾದ್ಯದ ಸರಣಿ ಇವುಗಳಲ್ಲಿ ಒಂದು. ಅದು ಮಾರಿದ ಫ್ರಾಂಚೈಸಿಗಳ ಪೈಕಿ ಬಹಳಷ್ಟು ಮಳಿಗೆಗಳು ತೆರೆಯಲೇ ಇಲ್ಲ. ಸಂಸ್ಥೆ ಕೆಲವೇ ವರ್ಷಗಳಲ್ಲಿ ಕುಸಿಯಿತು. ಇಂತಹ ವ್ಯವಹಾರಗಳಲ್ಲಿ ಹಣ ತೊಡಗಿಸಿದ ಸಾಮಾನ್ಯ ಜನರು ನಷ್ಟಕ್ಕೀಡಾದರು.

ಈ ಹಿನ್ನೆಲೆಯಲ್ಲಿ ಕ್ಯಾಲಿಫೋರ್ನಿಯಾ 1970ರಲ್ಲಿ ದೇಶದ ಮೊದಲ ಫ್ರಾಂಚೈಸಿ ನೋಂದಣಿ ಕಾನೂನನ್ನು ಅಂಗೀಕರಿಸಿತು. ಅದು 1971ರಲ್ಲಿ ಜಾರಿಗೆ ಬಂದಿತು. ಆ ದಶಕದಲ್ಲಿಯೇ ವಾಷಿಂಗ್ಟನ್, ಇಲಿನಾಯ್, ಇಂಡಿಯಾನಾ ಮುಂತಾದ ರಾಜ್ಯಗಳು ಇದೇ ದಾರಿ ಹಿಡಿದವು. ಇಂತಹ ರಾಜ್ಯಗಳಲ್ಲಿ ಫ್ರಾಂಚೈಸಿ ಮಾರುವ ಮೊದಲು ಸಂಸ್ಥೆಯು ಸಾಮಾನ್ಯವಾಗಿ ರಾಜ್ಯದ ಅಧಿಕಾರಿಗಳಲ್ಲಿ ನೋಂದಣಿ ಮಾಡಿಸಬೇಕು. ಶುಲ್ಕ, ಹಣಕಾಸಿನ ಸ್ಥಿತಿ, ಹಿಂದಿನ ವ್ಯಾಜ್ಯಗಳ ವಿವರಗಳನ್ನು ಕೊಳ್ಳುವವರಿಗೆ ಲಿಖಿತವಾಗಿ ತಿಳಿಸಬೇಕು. ಕೆಲವು ರಾಜ್ಯಗಳು ಸಕಾರಣವಿಲ್ಲದೆ ಒಪ್ಪಂದ ರದ್ದುಪಡಿಸುವುದನ್ನೂ ನಿರ್ಬಂಧಿಸುತ್ತವೆ. 1979ರಲ್ಲಿ ಜಾರಿಯಾದ ಕೇಂದ್ರದ ನಿಯಮವು ಮಾಹಿತಿ ನೀಡುವುದನ್ನು ದೇಶದಾದ್ಯಂತ ಕಡ್ಡಾಯಗೊಳಿಸಿತು. ಆದರೆ ನೋಂದಣಿಯ ವಿಷಯವನ್ನು ರಾಜ್ಯಗಳಿಗೇ ಬಿಟ್ಟಿತು. ಆದ್ದರಿಂದ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆಯಾಗುತ್ತದೆ. ಸ್ಯಾಂಡರ್ಸ್ ಹುಟ್ಟಿದ ಇಂಡಿಯಾನಾದಲ್ಲಿ ಫ್ರಾಂಚೈಸಿ ನೋಂದಣಿ ಕಾನೂನು ಇದೆ. ಅವರ ಉದ್ಯಮ ಬೆಳೆದ ಕೆಂಟಕಿಯಲ್ಲಿ ಅಂತಹ ಕಾನೂನು ಇಲ್ಲ.

ವ್ಯಾಜ್ಯಗಳು

1971ರಲ್ಲಿ ಕೆ.ಎಫ್.ಸಿ. ಹ್ಯೂಬ್ಲೈನ್ ಕಂಪನಿಯ ಪಾಲಾಯಿತು. ಆಹಾರದ ಗುಣಮಟ್ಟ ಕುಸಿದಿದೆ ಎಂದು ಸ್ಯಾಂಡರ್ಸ್ ಬಹಿರಂಗವಾಗಿ ಟೀಕಿಸಿದರು. ತಾವು ರೂಪಿಸದ ತಿನಿಸುಗಳಿಗೆ ತಮ್ಮ ಚಿತ್ರವನ್ನು ಬಳಸಲಾಗಿದೆ ಎಂದು ಕಂಪನಿಯ ವಿರುದ್ಧ ದಾವೆ ಹೂಡಿದರು. ಆ ವಿವಾದ ರಾಜಿಯಲ್ಲಿ ಮುಗಿದು ಅವರಿಗೆ 10 ಲಕ್ಷ ಡಾಲರ್ ದೊರೆಯಿತು. ಅವರು ಗ್ರೇವಿಯನ್ನು ಹೀಗಳೆದುದರಿಂದ ತನ್ನ ಮಾನಹಾನಿಯಾಗಿದೆ ಎಂದು ಕೆಂಟಕಿಯ ಬೌಲಿಂಗ್ ಗ್ರೀನ್ ನಗರದ ಫ್ರಾಂಚೈಸಿ ಸಂಸ್ಥೆಯೊಂದು ಮೊಕದ್ದಮೆ ಹೂಡಿತು. ಟೀಕೆಯು ನಿರ್ದಿಷ್ಟವಾಗಿ ಆ ಮಳಿಗೆಯನ್ನು ಕುರಿತದ್ದಲ್ಲವೆಂದು ಕೆಂಟಕಿಯ ಸುಪ್ರೀಂ ಕೋರ್ಟ್ 1978ರಲ್ಲಿ ಅವರ ಪರವಾಗಿ ತೀರ್ಪಿತ್ತಿತು. ಮಾರಾಟದ ನಂತರ ಹೆಸರು ಮತ್ತು ಮುಖ ಅವರದಾಗಿಯೇ ಉಳಿದರೂ ಅಡುಗೆಯ ಮೇಲಿನ ಹಿಡಿತ ಅವರಿಗೆ ಮರಳಲಿಲ್ಲ.

ನಿಧನ ಮತ್ತು ನಂತರ

ರಕ್ತದ ಕ್ಯಾನ್ಸರಿನಿಂದ ಬಳಲುತ್ತಿದ್ದ ಸ್ಯಾಂಡರ್ಸ್ ನ್ಯುಮೋನಿಯಾದಿಂದ 1980ರ ಡಿಸೆಂಬರ್ 16ರಂದು ಲೂಯಿವಿಲ್‌ನಲ್ಲಿ ತಮ್ಮ 90ನೆಯ ವಯಸ್ಸಿನಲ್ಲಿ ನಿಧನರಾದರು. ಪಾರ್ಥಿವ ಶರೀರವನ್ನು ಕೆಂಟಕಿಯ ಶಾಸನಸಭಾ ಭವನದಲ್ಲಿ ಸಾರ್ವಜನಿಕ ದರ್ಶನಕ್ಕೆ ಇರಿಸಲಾಗಿತ್ತು. ಕೇವ್ ಹಿಲ್ ಸ್ಮಶಾನದಲ್ಲಿ ಅವರ ಗುರುತಾಗಿದ್ದ ಬಿಳಿ ಸೂಟಿನಲ್ಲಿಯೇ ಅವರನ್ನು ಸಮಾಧಿ ಮಾಡಲಾಯಿತು.

ಭಾರತದ ಮೊದಲ ಕೆ.ಎಫ್.ಸಿ. ಮಳಿಗೆ 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘವು ಅದನ್ನು ವಿರೋಧಿಸಿ ಚಳವಳಿ ನಡೆಸಿತ್ತು. ಸ್ಯಾಂಡರ್ಸ್ ಅವರ ಚಿತ್ರ ಇಂದಿಗೂ ಸಂಸ್ಥೆಯ ಲಾಂಛನವಾಗಿದೆ.